ಉಪ್ಪಿಗೆ ಬೀಗ ಬಿದ್ದ ವರ್ಷ

ಕಾದ ಮರಳಿಗೆ ಅಕ್ಕಿ ಬಿದ್ದಾಗ ಮೊದಲು ಎರಡು ಮೂರು ಕಾಳು ಮಾತ್ರ ಚಟ್ ಅನ್ನುತ್ತವೆ, ಕ್ಲಾಸಿನಲ್ಲಿ ಮೊದಲ ಬೆಂಚಿನ ಹುಡುಗಿಯರು ಪಿಸುಗುಟ್ಟಿದ ಹಾಗೆ. ಆಮೇಲೆ ಇಡೀ ಬಾಣಲೆ ಒಮ್ಮೆಲೇ ಭರ್ರೆಂದು ಎದ್ದುಬಿಡುತ್ತದೆ. ಅದು ಮುಗಿಯುವ ಮೊದಲೇ ಜರಡಿಯ ಜಲ್ ಜಲ್. ಮರಳು ಕೆಳಗೆ, ಮಂಡಕ್ಕಿ ಮೇಲೆ. ಕೊಟ್ಟೂರಿನ ನಮ್ಮ ಮನೆಯ ಹಿತ್ತಲಲ್ಲಿ ಮಂಡಕ್ಕಿ ಬಟ್ಟಿ ಇತ್ತು. ಸಂಸಾರ ಮಾಡಿದಷ್ಟು ವರ್ಷವೂ ನಾನು ಅಲಾರಂ ಇಟ್ಟುಕೊಂಡು ಮಲಗಿದವಳಲ್ಲ. ಬೆಳಗಿನ ಆ ಸದ್ದೇ ನನ್ನ ಅಲಾರಂ.

ಮೊನ್ನೆ ಒಂದು ಮದುವೆಗೆ ಅಂತ ಕೊಟ್ಟೂರಿಗೆ ಹೋದವಳು, ಊಟ ಮುಗಿಸಿ ಹಳೇ ಓಣಿಯಲ್ಲಿ ಸುಮ್ಮನೆ ಒಂದು ರೌಂಡ್ ಹಾಕಿದೆ. ನಮ್ಮ ಬಟ್ಟಿ ಇದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ. ಆದರೆ ಓಣಿಯ ತುದಿಯಲ್ಲಿ ಯಾರದೋ ಬಟ್ಟಿ ಇನ್ನೂ ಉರಿಯುತ್ತಿತ್ತು. ಹೊಟ್ಟಿನ ಹೊಗೆ, ಸುಟ್ಟ ಮರಳು, ಉಪ್ಪುನೀರು ಕುಡಿದ ಅಕ್ಕಿ ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ನಿಂತುಬಿಟ್ಟೆ. ನನ್ನ ವಯಸ್ಸಿನವರಿಗೆ ಹಳೆಯ ವಾಸನೆ ಬಂದರೆ ಕಣ್ಣಲ್ಲಿ ನೀರು ಬರಬೇಕು, ಐ ನೋ. ನನಗೆ ಬಂದದ್ದು ಬಾಯಲ್ಲಿ.

ಆ ಒಂದು ವರ್ಷ ಉಪ್ಪಿಗಾಗಿ ನಾನು ಪಟ್ಟ ಪಾಡು ನಾಲಿಗೆ ಇನ್ನೂ ಮರೆತಿಲ್ಲ.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಬೋರ್ಡರ್ ಆಗಿ ಓದಿದವಳು. ಚಮಚ ಫೋರ್ಕು ಹಿಡಿಯುವುದು, ಬಾಯಿ ಮುಚ್ಚಿ ಅಗಿಯುವುದು, ಇನ್ನೊಬ್ಬರ ತಟ್ಟೆ ನೋಡಬಾರದು ಅನ್ನುವುದು ಎಲ್ಲ ಅಲ್ಲಿ ಕಲಿತು, ಕೊಟ್ಟೂರಿನ ಮಂಡಕ್ಕಿ ಬಟ್ಟಿಯ ಮನೆಗೆ ಸೊಸೆಯಾಗಿ ಬಂದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ. ಮನೆ ನಡೆಸುತ್ತಿದ್ದವಳು ನನ್ನ ನೆಗೆಣ್ಣಿ, ಅಂದರೆ ನಮ್ಮವರ ಅಣ್ಣನ ಹೆಂಡತಿ ನೀಲಕ್ಕ. ಅವಳು ಶಾಲೆ ಕಂಡದ್ದು ಮೂರನೇ ಇಯತ್ತೆಯವರೆಗೆ. ಬಟ್ಟಿಯ ಬೆಂಕಿ, ಅಡಿಗೆಮನೆ, ಇಬ್ಬರು ಗಂಡಸರು, ಎಲ್ಲ ಅವಳ ಕೈಯಲ್ಲಿ. ನನಗೆ ಅವಳಿಟ್ಟ ಹೆಸರು ಕಾನ್ವೆಂಟಮ್ಮ. ಮೊದಮೊದಲು ಅದು ಚುಚ್ಚುಮಾತು. ನಮ್ಮವರೂ ಭಾವನವರೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡು, ನನ್ನ ಮಗಳು ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಹೋದ ಮೇಲೆ, ಅದೇ ಹೆಸರನ್ನು ಕರೆಯುವವಳು ಅವಳೊಬ್ಬಳೇ ಉಳಿದಳು. ಆಗ ಅದು ಚುಚ್ಚುತ್ತಿರಲಿಲ್ಲ.

ನಾನು ರಿಟೈರ್ ಆದ ವರ್ಷದ ಮುಂಗಾರಿನಲ್ಲಿ ಶುರುವಾಯಿತು. ಮಳೆ ಹದವಾಗಿ ಬಿದ್ದು ಹೊಲಗಳಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರ ಬಂದಿತ್ತು. ನಾನು ಮಾತ್ರ ಬಾಡತೊಡಗಿದ್ದೆ. ಬೆಳಿಗ್ಗೆ ಎದ್ದರೆ ಕಣ್ಣು ಕತ್ತಲೆ. ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತ ಮೇಲೆ ಮನೆ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಸೀರೆ ಒಗೆದು ಹಿಂಡುವಷ್ಟರಲ್ಲಿ ತೋಳು ಸೋತು, ಹಿಂಡದೇ ಹರವಿ ಬರುತ್ತಿದ್ದೆ. ಅನ್ನ ಕಂಡರೆ ವಾಕರಿಕೆ. ಹಡಗಲಿ ಮಲ್ಲಿಗೆ ಅಂದರೆ ಪ್ರಾಣ ಬಿಡುತ್ತಿದ್ದ ನಾನು, ದಂಡೆ ಮನೆಗೆ ಬಂದರೆ ಹಿತ್ತಲಿಗೆ ಓಡುತ್ತಿದ್ದೆ.

"ಕೆಲಸ ಬಿಟ್ಟೀಯಲ್ಲವಾ, ಮೈ ಜಡ್ಡುಗಟ್ಟೈತಿ. ನಾಕು ದಿನ ನನ್ ಜೋಡಿ ಬಟ್ಟಿಯಾಗ ಕುಂದ್ರು ಬಾ, ಎಲ್ಲಾ ಇಳದು ಹೋಗತೈತಿ" ಅಂದಳು ನೀಲಕ್ಕ.

ಕೂತೆ. ದಸರೆಯ ಹೊತ್ತಿಗೆ ಮೈ ಕಪ್ಪಾಗತೊಡಗಿತು. ಬಿಸಿಲಿಗೆ ಆಗುವ ಟ್ಯಾನ್ ಅಲ್ಲ ಅದು. ಬೆರಳ ಗಿಣ್ಣು, ಮೊಣಕೈ, ತುಟಿಯ ಅಂಚು, ಹಿಂದೊಮ್ಮೆ ಮರಳು ಸಿಡಿದು ಸುಟ್ಟಿದ್ದ ಮಣಿಕಟ್ಟಿನ ಕಲೆ, ಇಂಥ ಜಾಗಗಳನ್ನೇ ಆರಿಸಿಕೊಂಡು ಯಾರೋ ಇದ್ದಿಲಿನಿಂದ ತಿದ್ದಿದ ಹಾಗೆ. ಓಣಿಯ ಹೆಂಗಸರು ಬಟ್ಟಿಯ ಹೊಗೆ ಅಂದರು. ನೀಲಕ್ಕ ಅವರಿಗೆ ತನ್ನ ತೋಳು ಚಾಚಿ ತೋರಿಸಿದಳು. "ನಾ ಈ ಮನಿಗೆ ಬಂದಾಗಿಂದ ಹೊಗಿ ಕುಡಿಯಾಕತ್ತೀನಿ. ನನಗ್ಯಾಕ ಹತ್ತಿಲ್ರಿ ಕಪ್ಪು?"

ಹರಪನಹಳ್ಳಿಯ ಚರ್ಮದ ಡಾಕ್ಟರು ಒಂದು ಟ್ಯೂಬ್ ಕ್ರೀಮ್ ಕೊಟ್ಟು ಛತ್ರಿ ಹಿಡಿದು ಓಡಾಡಿ ಅಂದರು. ಕೂಡ್ಲಿಗಿಯಲ್ಲಿ ಹೊಟ್ಟೆಯ ಡಾಕ್ಟರು ಗಂಟಲೊಳಗೆ ಪೈಪು ಇಳಿಸಿ ನೋಡಿ, ಸ್ವಲ್ಪ ಗ್ಯಾಸ್ಟ್ರಿಕ್ ಅಷ್ಟೇ ಅಂದರು. ಇನ್ನೊಬ್ಬರು ಬಹಳ ಮೃದುವಾಗಿ, "ರಿಟೈರ್ಮೆಂಟ್ ಆದಮೇಲೆ ಮನಸ್ಸಿಗೆ ಹಚ್ಕೋತಾರೆ ಮೇಡಂ, ನಿದ್ದೆ ಚೆನ್ನಾಗಿ ಮಾಡಿ" ಅಂದು ಸಣ್ಣ ಗುಳಿಗೆ ಬರೆದರು. ಯಾರೂ ಕೆಟ್ಟವರಲ್ಲ. ಒಬ್ಬರು ಚರ್ಮ ನೋಡಿದರು, ಒಬ್ಬರು ಹೊಟ್ಟೆ, ಒಬ್ಬರು ಮನಸ್ಸು. ನಾನು ಅವೆಲ್ಲದರ ನಡುವೆ ದಿನದಿನಕ್ಕೆ ಸಣ್ಣಗಾಗುತ್ತಿದ್ದೆ. ಬಳೆ ತಾವಾಗಿಯೇ ಕೈಯಿಂದ ಜಾರಿ ಬೀಳುತ್ತಿದ್ದವು.

ದೀಪಾವಳಿಯ ಆಸುಪಾಸಿನಲ್ಲಿ ತಲೆ ತಿರುಗಿ ಬಚ್ಚಲಲ್ಲಿ ಬಿದ್ದೆ. ನೀಲಕ್ಕ ನನ್ನನ್ನು ಊರಿನದೇ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಜಾತ್ರೆಯ ಹಾಗೆ ಜನ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಬಿಟ್ಟು, "ಬಿಪಿ ಪ್ರಾಬ್ಲಮ್ ಇದೆ ಇವರಿಗೆ, ರೆಸ್ಟ್ ಮಾಡಲಿ" ಅಂದು ಮುಂದಿನವರನ್ನು ಕರೆದರು.

ಈ ಕಡೆ ಬಿಪಿ ಅಂದರೆ ಒಂದೇ ಅರ್ಥ. 'ಅವಗ ಬಿಪಿ ಐತಿ' ಅಂದರೆ ರಕ್ತ ಏರಿದೆ ಅಂತಲೇ. ಇಳಿಯುವುದೂ ಉಂಟು ಅಂತ ಆ ಮಾತಿನೊಳಗೆ ಜಾಗವೇ ಇಲ್ಲ. ಹಿಂದೆ ಮುಂದೆ ಅಡ್ಜೆಕ್ಟಿವ್ ಇಲ್ಲದ ಒಂದು ಬೋಳು ನಾಮಪದ. ಜೀವಮಾನವಿಡೀ ಅಡ್ಜೆಕ್ಟಿವ್ ಕಲಿಸಿದ ನನಗೇ ಅದು ಹೊಳೆಯಲಿಲ್ಲವೆಂದ ಮೇಲೆ ನೀಲಕ್ಕನಿಗೆ ಹೇಗೆ ಹೊಳೆಯಬೇಕು? ಅವಳು ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳಿದಳು: "ನಮ್ ಕಾನ್ವೆಂಟಮ್ಮಗ ಬಿಪಿ ಬಂದೈತ್ರಿ." ಸಿಕ್ಕವರೆಲ್ಲ ಹೇಳಿದರು: "ಹಂಗಾರ ಉಪ್ಪು ಬಿಡಿಸವಾ ಮೊದಲು."

ಬಿಡಿಸಿದಳು. ನೀಲಕ್ಕ ಯಾವ ಕೆಲಸವನ್ನೂ ಅರ್ಧ ಮಾಡಿದವಳಲ್ಲ. ನನಗೆ ಬೇರೆ ಗಡಿಗೆಯಲ್ಲಿ ಸಪ್ಪೆ ಸಾರು, ಸಪ್ಪೆ ಪಲ್ಯ. ಉಪ್ಪಿನಕಾಯಿ ಜಾಡಿಗಳು ಅಟ್ಟ ಹತ್ತಿದವು. ನಮ್ಮಲ್ಲಿ ಊಟಕ್ಕೆ ಕೂತರೆ ತಟ್ಟೆಯ ಅಂಚಿಗೆ ಮೊದಲು ಬೀಳುವುದು ಚಿಟಿಕೆ ಉಪ್ಪು. ನನ್ನ ತಟ್ಟೆಯ ಆ ಮೂಲೆ ಖಾಲಿ ಉಳಿಯತೊಡಗಿತು.

ನನಗೋ ಉಪ್ಪಿನದೇ ಧ್ಯಾನ. ಅದನ್ನು ಕ್ರೇವಿಂಗ್ ಅಂತ ಕರೆದರೆ ಬಹಳ ಸಭ್ಯವಾಗುತ್ತದೆ. ದನ ಗೋಡೆ ನೆಕ್ಕುವುದನ್ನು ನೋಡಿದ್ದೀರಲ್ಲ, ಹಾಗೆ. ಕನಸಿನಲ್ಲಿ ಹಪ್ಪಳ ಬರುತ್ತಿದ್ದವು. ಮನೆಯೇ ಉಪ್ಪಿನ ಮನೆ ಬೇರೆ. ಮಂಡಕ್ಕಿ ಅರಳಬೇಕಾದರೆ ಹುರಿಯುವ ಮೊದಲು ಅಕ್ಕಿಗೆ ಉಪ್ಪುನೀರು ಕುಡಿಸಬೇಕು, ಹಾಗಾಗಿ ಬಟ್ಟಿಯ ಪಕ್ಕದ ಕೋಣೆಯಲ್ಲಿ ಉಪ್ಪಿನ ಚೀಲಗಳು ಸದಾ ಇರುತ್ತಿದ್ದವು. ಬೆಳಿಗ್ಗೆ ನೀಲಕ್ಕ ಏಳುವ ಮೊದಲು ನಾನು ಗೋಡೆ ಹಿಡಿದುಕೊಂಡು ಅಲ್ಲಿಗೆ ಹೋಗಿ, ನೆನೆಸಿಟ್ಟ ಅಕ್ಕಿಯನ್ನು ಹಿಡಿ ತುಂಬ ಬಾಯಿಗೆ ಹಾಕಿಕೊಂಡು ಉಪ್ಪು ಚೀಪಿ ಉಗುಳುತ್ತಿದ್ದೆ. ಬಾಯಿ ಮುಚ್ಚಿ ಅಗಿಯುವ ಪಾಠವೆಲ್ಲ ಆ ಅಕ್ಕಿಯಲ್ಲೇ ಹೋಯಿತು.

ಒಂದು ದಿನ ನೀಲಕ್ಕ ಕಂಡಳು. ಬೈಯಲಿಲ್ಲ. ಮೂಲೆಯಲ್ಲಿದ್ದ ಉಗುಳಿದ ಅಕ್ಕಿಯನ್ನೂ ನನ್ನ ಮುಖವನ್ನೂ ನೋಡಿದಳು. ಅವತ್ತೇ ಸಂತೆಯಿಂದ ಹಿತ್ತಾಳೆ ಬೀಗ ತರಿಸಿ ಕೋಣೆಗೆ ಹಾಕಿದಳು. ಕೀಲಿ ಅವಳ ಸೊಂಟಕ್ಕೆ.

"ನೀಲಕ್ಕಾ, ಒಂದ್ ಹರಳು ಕೊಡು. ಒಂದೇ."

"ಸಾಯ್ತೀಯಲೇ ಹುಚ್ಚಿ. ರಕ್ತ ಏರಿ ತಲಿ ಒಡದು ಸಾಯ್ತಿ. ಇಬ್ಬರೂ ಗಂಡಸರು ಹೋದ್ರು, ಇನ್ನ ನಿನ್ನೂ ಕಳಕೊಂಡು ನಾ ಯಾರ್ ಜೋಡಿ ಜಗಳಾ ಮಾಡ್ಲಿ?"

ಅವಳ ಕಣ್ಣು ಒದ್ದೆಯಾಗಿದ್ದವು. ಅಂಥ ಕಣ್ಣಿನ ಮುಂದೆ ವಾದ ಮಾಡುವುದು ಹೇಗೆ? ಚಳಿಗಾಲವಿಡೀ ಅವಳು ನನ್ನ ಜೀವ ಉಳಿಸಲು ಹಠ ಹಿಡಿದಳು, ನಾನು ಅವಳ ಹಠದಲ್ಲಿ ಕರಗುತ್ತಾ ಹೋದೆ. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲೇ ಅವಳೇ "ಇವರಿಗೆ ಬಿಪಿ ಐತ್ರಿ" ಅಂತ ಶುರು ಮಾಡುತ್ತಿದ್ದಳು. ಅವರು ತಲೆಯಾಡಿಸುತ್ತಿದ್ದರು. ಒಬ್ಬರಂತೂ ಪಟ್ಟಿ ಸುತ್ತದೆಯೇ, "ಉಪ್ಪು ಕಡಿಮೆ ಮಾಡಿದ್ದು ಒಳ್ಳೇದಾಯ್ತು" ಅಂದರು. ನೀಲಕ್ಕ ಗೆದ್ದವಳ ಹಾಗೆ ನನ್ನ ಕಡೆ ನೋಡಿದಳು.

ಶಿವರಾತ್ರಿ ಹತ್ತಿರವಾದಾಗ ಅವಳಿಗೊಂದು ಉಪಾಯ ಹೊಳೆಯಿತು. ಅವಳ ತವರು ಹಡಗಲಿ ಕಡೆಯ ಹೊಳಲು. ಅಲ್ಲಿ ಅವರ ಹೊಲದ ಹತ್ತಿರ ಒಂದು ಸಣ್ಣ ಹೊಂಡ. ಮೈಮೇಲೆ ನರೂಲಿ, ಕಲೆ, ಏನೇ ಎದ್ದರೂ ಆ ಹೊಂಡಕ್ಕೆ ಉಪ್ಪು ಹಾಕುತ್ತೇವೆಂದು ಅವರ ಮನೆತನದವರು ಹರಕೆ ಹೊರುತ್ತಿದ್ದರಂತೆ. ಉಪ್ಪು ನೀರಲ್ಲಿ ಕರಗಿದ ಹಾಗೆ ಮೈಮೇಲಿನದೂ ಕರಗಬೇಕು. "ಬಿಪಿಗೆ ಡಾಕ್ಟ್ರು ಅದಾರ. ಕಪ್ಪಿಗೆ ಹೊಂಡ ನೋಡೂಣು" ಅಂದಳು. ನನಗೆ ಬೇಡ ಅನ್ನುವ ಶಕ್ತಿಯೂ ಇರಲಿಲ್ಲ.

ಬಿಸಿಲು ಆಗಲೇ ಚುರುಗುಟ್ಟುವ ಕಾಲ. ಸೂರ್ಯಕಾಂತಿ ಕೊಯ್ದ ಹೊಲದ ಬದುವಿನ ಮೇಲೆ ಅವಳು ನನ್ನ ಕಂಕುಳಿಗೆ ಕೈ ಕೊಟ್ಟು ನಡೆಸಿದಳು. ಹೊಂಡದ ಮೆಟ್ಟಿಲಲ್ಲಿ ಕೂರಿಸಿ, ಸೆರಗಿನ ಗಂಟು ಬಿಚ್ಚಿ, ಹರಳುಪ್ಪನ್ನು ನನ್ನ ಎರಡೂ ಅಂಗೈ ತುಂಬ ಸುರಿದಳು. ಹರಕೆಯವರು ಉಪ್ಪು ಹಾಕುವಾಗ ಜೊತೆಗೆ ಬಂದವರು ನೋಡಬಾರದಂತೆ. ಅವಳು ಬೆನ್ನು ತಿರುಗಿಸಿ ನಿಂತಳು.

ಎಷ್ಟೋ ತಿಂಗಳ ಮೇಲೆ ನನ್ನ ಕೈಯಲ್ಲಿ ಉಪ್ಪು. ಅದರ ಮೇಲೆ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಆಮೇಲಿನದನ್ನು ನಾನು ಮಾಡಿದೆ ಅನ್ನುವುದಕ್ಕಿಂತ ನನ್ನ ಕೈ ಮಾಡಿತು ಅನ್ನಬೇಕು.

"ಹಾಕಿದೇನವಾ?" ಅಂದಳು ನೀಲಕ್ಕ, ತಿರುಗದೆ. "ನೀರಾಗ ಸಪ್ಪಳಾನ ಬರಲಿಲ್ಲಲ್ಲ."

ನನ್ನ ಬಾಯಿ ತುಂಬಿತ್ತು.

ತಿರುಗಿ ನೋಡಿದವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಹೊಂಡವನ್ನೇ ನೋಡುತ್ತಾ, ಬಹಳ ಸಣ್ಣ ದನಿಯಲ್ಲಿ, "ದೇವರದ್ದೂ ಬಿಡಲಿಲ್ಲಲ್ಲ ತಂಗಿ ನೀನು" ಅಂದಳು. ಅವಳು ನನ್ನನ್ನು ತಂಗಿ ಅಂದದ್ದು ಅದೇ ಮೊದಲು. ಬೈಗುಳದಲ್ಲಿ ಬಂತು.

ಅವತ್ತು ಸಂಜೆಯೇ ಜ್ವರ ಬಂತು. ಬೆಳಗಿನ ಹೊತ್ತಿಗೆ ಹೊಟ್ಟೆಯಲ್ಲಿ ನೀರೂ ನಿಲ್ಲದೆ ವಾಂತಿ. ಮಾತು ತೊದಲುತ್ತಿತ್ತು. ದೇವರ ಉಪ್ಪು ತಿಂದದ್ದಕ್ಕೇ ಅಂತ ಅವಳ ತವರಿನವರು ಅಂದುಕೊಂಡರು. ನೀಲಕ್ಕ ಯಾರ ಮಾತಿಗೂ ಕಾಯದೆ ಟಂಟಂ ಆಟೋ ಮಾಡಿಸಿ ಹಡಗಲಿಗೆ ಹೊರಡಿಸಿದಳು. ಅಲ್ಲಿ ಒಂದು ನರ್ಸಿಂಗ್ ಹೋಮಿಗೆ ವಾರಕ್ಕೊಮ್ಮೆ ಹೊರಗಿನಿಂದ ಒಬ್ಬ ಫಿಜಿಷಿಯನ್ ಬರುತ್ತಿದ್ದರು. ಅವತ್ತು ಅವರ ದಿನವಾಗಿತ್ತು. ಅದೃಷ್ಟ ಅನ್ನುವ ಪದವನ್ನು ನಾನು ಬಹಳ ಬಳಸುವುದಿಲ್ಲ, ಇಲ್ಲಿ ಬಳಸುತ್ತೇನೆ.

ನನ್ನನ್ನು ಮಲಗಿಸಿದ ಕೂಡಲೇ ನೀಲಕ್ಕ ಶುರು ಮಾಡಿದಳು. ರೋಗ ಹೇಳುವ ಧಾಟಿಯಲ್ಲಲ್ಲ, ಚಾಡಿ ಹೇಳುವ ಧಾಟಿಯಲ್ಲಿ.

"ಬಿಪಿ ಐತ್ರಿ ಸರ ಇವರಿಗೆ. ಉಪ್ಪು ಬಿಡಿಸೀನಿ. ಕದ್ದು ತಿಂತಾಳ್ರಿ. ಹಸಿ ಅಕ್ಕಿ ಚೀಪತಾಳ, ಕೋಣಿಗೆ ಬೀಗ ಹಾಕಿದೆ. ನಿನ್ನಿ ಹರಕಿ ಉಪ್ಪು ಕೈಗೆ ಕೊಟ್ರ ಅದನ್ನೂ ಮುಕ್ಕಿದಳ್ರಿ. ದೊಡ್ಡ ಟೀಚರು, ಇಂಗ್ಲೀಷ್ ಮಾತಾಡ್ತಾಳ, ನನ್ ಮಾತು ಕೇಳಂಗಿಲ್ಲ. ನೀವರ ಒಂದೀಟು ಬೈರಿ."

ಡಾಕ್ಟರು ಏನೋ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು.

"ಉಪ್ಪು ತಿಂತಾರಾ? ಬರೀ ಉಪ್ಪು?"

"ಹೂಂರಿ. ದನ ತಿಂದಂಗ."

"ಬಿಪಿ ಅಂದ್ರಲ್ಲ ಅಮ್ಮಾ, ಹೈಯೋ ಲೋನೋ?"

"ಬಿಪಿರಿ" ಅಂದಳು ನೀಲಕ್ಕ. "ಬಿಪಿ ಅಂದ್ರ ಬಿಪಿ."

ಅವರು ನಗಲಿಲ್ಲ. ನನ್ನ ಹತ್ತಿರ ಬಂದು ಅಂಗೈ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಅಂಗೈಯ ಗೆರೆಗಳು ಇಂಕಿನಲ್ಲಿ ಎಳೆದ ಹಾಗೆ ಕಪ್ಪಾಗಿದ್ದವು. ನಾನೇ ಅವನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. "ಕೈ ನೋಡಾಕತ್ಯಾನಲ್ಲವಾ, ಶಾಸ್ತ್ರ ಹೇಳ್ತಾನೇನು ಇಂವ?" ಅಂತ ನೀಲಕ್ಕ ನನ್ನ ಕಿವಿಯಲ್ಲಿ ಅಂದಳು. ಡಾಕ್ಟರಿಗೂ ಕೇಳಿಸಿತು ಅನ್ನಿಸುತ್ತದೆ. ತುಟಿ ಎತ್ತಿ ಒಸಡು ನೋಡಿದರು. ಮಣಿಕಟ್ಟಿನ ಸುಟ್ಟ ಕಲೆ ನೋಡಿದರು. ಮಲಗಿದ್ದಂತೆಯೇ ಪಟ್ಟಿ ಸುತ್ತಿ ಬಿಪಿ ನೋಡಿದರು, ಆಮೇಲೆ ಎಬ್ಬಿಸಿ ಕೂರಿಸಿ ನೋಡಹೊರಟರು. ಕೂರಿಸಿದ್ದು ನನಗೆ ನೆನಪಿಲ್ಲ.

ಎಚ್ಚರವಾದಾಗ ತೋಳಿನಲ್ಲಿ ಸೂಜಿ, ಮೇಲೆ ಬಾಟ್ಲಿ. ರಕ್ತ ತೆಗೆದು ದಾವಣಗೆರೆಯ ಲ್ಯಾಬಿಗೆ ಕಳಿಸಿ, ರಿಪೋರ್ಟಿಗೆ ಕಾಯದೆ ಯಾವುದೋ ಇಂಜೆಕ್ಷನ್ನನ್ನೂ ಶುರು ಮಾಡಿದ್ದರು. ಡಾಕ್ಟರು ನೀಲಕ್ಕನಿಗೆ ನಿಧಾನವಾಗಿ ಹೇಳುತ್ತಿದ್ದರು: ಬಿಪಿ ಏರಿಲ್ಲ, ಪಾತಾಳಕ್ಕೆ ಇಳಿದಿದೆ. ದೇಹದಲ್ಲಿ ಉಪ್ಪು ನಿಲ್ಲುತ್ತಿಲ್ಲ. ಅದಕ್ಕೇ ಅದು ಉಪ್ಪು ಬೇಡುತ್ತಿದೆ.

"ಆ ಬಾಟ್ಲಿಯಾಗ ಏನೈತ್ರಿ?" ಅಂದಳು ಅವಳು.

"ಉಪ್ಪುನೀರು ಅಮ್ಮಾ."

ಅವಳು ಹನಿ ಬೀಳುವುದನ್ನೇ ನೋಡುತ್ತಿದ್ದಳು. ಅವಳ ಕೈ ಸೊಂಟದ ಕೀಲಿಯ ಮೇಲಿತ್ತು. ಆಮೇಲೆ ನನ್ನ ಹಣೆಯ ಮೇಲಿನ ಕೂದಲು ಸರಿಸಿ ಅಂದಳು: "ಬಟ್ಟಿ ಅಕ್ಕಿಗೆ ಕುಡಿಸಿದಂಗ ಕುಡಿಸಾಕತ್ತಾರ ನೋಡವಾ ನಿನಗ. ಅರಳ್ತೀಯೇನೋ ನೋಡೂಣು."

ಅರಳಿದೆ. ಎರಡೇ ದಿನದಲ್ಲಿ ನಾನು ಎದ್ದು ಕೂತು ಇಡ್ಲಿ ಕೇಳಿದೆ. ಅಷ್ಟು ದಿನ ನನ್ನ ಮೇಲೆ ಕೂತಿದ್ದ ಯಾವುದೋ ಭಾರ ಎದ್ದು ಹೋದ ಹಾಗಿತ್ತು. ರಿಪೋರ್ಟ್ ಬಂತು. ಮುಂದೆ ದಾವಣಗೆರೆಯಲ್ಲಿ ಇನ್ನೊಂದು ಟೆಸ್ಟ್ ಮಾಡಿ ಖಾತ್ರಿ ಮಾಡಿದರು. ಅಡಿಸನ್ಸ್ ಡಿಸೀಸ್. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತ ಸಣ್ಣ ಗ್ರಂಥಿಗಳು ಕೆಲಸ ನಿಲ್ಲಿಸಿವೆ. ನನ್ನದೇ ದೇಹ ಅವನ್ನು ಪರಕೀಯ ಅಂತ ತಪ್ಪು ತಿಳಿದು ಕೆಡಿಸಿದೆ. ಅವು ಕೊಡುತ್ತಿದ್ದುದನ್ನು ಇನ್ನು ಗುಳಿಗೆ ಕೊಡಬೇಕು, ಜೀವ ಇರುವ ತನಕ, ಒಂದು ದಿನವೂ ತಪ್ಪದೆ. ಜ್ವರ ಬಂದರೆ ಗುಳಿಗೆ ಡಬಲ್. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ತಡಮಾಡದೆ ಇಂಜೆಕ್ಷನ್. "ಇನ್ನೊಂದು ದಿನ ತಡವಾಗಿದ್ದರೆ" ಅಂತ ಶುರು ಮಾಡಿದ ವಾಕ್ಯವನ್ನು ಡಾಕ್ಟರು ಪೂರ್ತಿ ಮಾಡಲಿಲ್ಲ. ನೀಲಕ್ಕನ ಕಡೆ ತಿರುಗಿ, "ನೀವು ಉಪ್ಪಿನ ಮಾತು ಹೇಳಿದ್ದಕ್ಕೆ ಗೊತ್ತಾಯ್ತು" ಅಂದರು.

"ನಾ ಬೈಸಾಕ ಹೇಳಿದ್ದು" ಅಂದಳು ಅವಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದಳು: "ಅಡಿಸನ್ ಅಂದ್ರ ಯಾವೂರವ?"

"ಇಂಗ್ಲೆಂಡಿನಂವ. ಡಾಕ್ಟರು. ಅವನೇ ಮೊದಲು ಕಂಡುಹಿಡಿದದ್ದು."

"ನೋಡು, ಕಾನ್ವೆಂಟಿನಾಗ ಓದಿದವರಿಗೆ ಜಡ್ಡೂ ಇಂಗ್ಲೀಷಿನವ ಬರತಾವು."

ಮನೆಗೆ ಬಂದ ಮೊದಲ ದಿನ ಊಟಕ್ಕೆ ಕೂತಾಗ, ಅನ್ನಕ್ಕೂ ಮೊದಲು ಅವಳು ಬಗ್ಗಿ ನನ್ನ ತಟ್ಟೆಯ ಅಂಚಿಗೆ ಉಪ್ಪು ಬಡಿಸಿದಳು. ಚಿಟಿಕೆಯಲ್ಲ, ಒಂದು ಗುಡ್ಡೆ. ತಪ್ಪಾಯಿತು ಅಂತ ಅವಳೂ ಅನ್ನಲಿಲ್ಲ, ನಾನೂ ಅನ್ನಿಸಲಿಲ್ಲ. ಉಪ್ಪಿನ ಕೋಣೆಯ ಬೀಗ ಮರುದಿನ ಹಿತ್ತಲ ಬಾಗಿಲಿಗೆ ಹೋಯಿತು. ಯುಗಾದಿ ದಾಟಿ ಮತ್ತೆ ಮುಂಗಾರು ಹಿಡಿಯುವ ಹೊತ್ತಿಗೆ ಗಿಣ್ಣಿನ ಕಪ್ಪು ತಿಳಿಯಾಗಿತ್ತು. ಕೈಯಲ್ಲಿ ಬಳೆ ನಿಲ್ಲತೊಡಗಿದ್ದವು.

ಕೆಲವು ವರ್ಷದ ಮೇಲೆ ಬಟ್ಟಿ ನಡೆಸುವುದು ಅವಳಿಂದಲೂ ಆಗದೆ ಮಾರಿದೆವು. ನಾನು ಮಗಳ ಹತ್ತಿರ ಹಗರಿಬೊಮ್ಮನಹಳ್ಳಿಗೆ ಬಂದೆ. ನೀಲಕ್ಕ ಕೊಟ್ಟೂರಿನಲ್ಲೇ ತನ್ನ ತಮ್ಮನ ಮಗಳ ಮನೆಯಲ್ಲಿ ಉಳಿದಳು. ಬೆಳಿಗ್ಗೆ ಫೋನು ಮಾಡುತ್ತಿದ್ದಳು. ಹಲೋ ಗಿಲೋ ಇಲ್ಲ. "ಗುಳಿಗಿ ನುಂಗಿದಿ?" ಹೂಂ ಅಂದರೆ ಇಟ್ಟುಬಿಡುತ್ತಿದ್ದಳು. ಒಂದು ದಿನ ಮಾತ್ರ ಇಡಲಿಲ್ಲ.

"ನನಗೂ ಬಿಪಿ ಬಂತವಾ. ಹೈ ಅಂತ. ಈ ಸಲ ಕೇಳೇ ಬಂದೀನಿ."

ಅವಳನ್ನು ನೋಡಿ ಬರೋಣವೆಂದು ಹೋದೆ. ಕೃಶವಾಗಿದ್ದಳು, ಆದರೆ ಬಾಯಿ ಮೊದಲಿನಂತೆಯೇ. ಊಟಕ್ಕೆ ಕೂತಾಗ ನನ್ನ ತಟ್ಟೆಯ ಮೂಲೆಯಲ್ಲಿ ಉಪ್ಪಿತ್ತು, ಅವಳದರಲ್ಲಿ ಇರಲಿಲ್ಲ. ಅವಳು ಆ ಮೂಲೆಯನ್ನು ನೋಡುವುದನ್ನು ನೋಡಿದೆ. ಇನ್ನೊಬ್ಬರ ತಟ್ಟೆ ನೋಡಬಾರದು ಅಂತ ನನಗೆ ಕಲಿಸಿದ್ದರು.

ಸಂಜೆ ಬೇಡವೆಂದರೂ ಬಸ್ ಸ್ಟ್ಯಾಂಡಿನವರೆಗೆ ಬಂದಳು. ತಳ್ಳುಗಾಡಿಯವನ ಹತ್ತಿರ ಒಗ್ಗರಣೆ ಮಂಡಕ್ಕಿ ಕಟ್ಟಿಸಿದಳು. ಅವನು ಹಾಕಿದ ಉಪ್ಪು ಅವಳಿಗೆ ಸಾಲಲಿಲ್ಲ. ಡಬ್ಬಿಗೆ ತಾನೇ ಕೈಹಾಕಿ ಇನ್ನಷ್ಟು ಉದುರಿಸಿ, ಪೊಟ್ಟಣವನ್ನು ಬಸ್ಸಿನ ಕಿಟಕಿಯೊಳಗೆ ಕೊಟ್ಟಳು.

"ನನ್ ಪಾಲಿಂದೂ ನೀನ ತಿನ್ನು."

ಬಸ್ಸು ಹೊರಟಿತು. ನಾನು ತಿರುಗಿ ನೋಡಿದೆ. ಅವಳು ಗಾಡಿಯ ಪಕ್ಕದಲ್ಲೇ ನಿಂತಿದ್ದಳು. ಯಾರೂ ನೋಡುತ್ತಿಲ್ಲ ಅಂದುಕೊಂಡು, ಉಪ್ಪು ಹತ್ತಿದ ಬೆರಳುಗಳನ್ನು ಒಂದೊಂದಾಗಿ ಬಾಯಿಗಿಟ್ಟು ಚೀಪುತ್ತಿದ್ದಳು. ಆಮೇಲೆ ನನ್ನ ಮುಖ ಕಂಡಳು. ಕೈ ಅಲ್ಲೇ ನಿಂತಿತು. ಅವಳು ಆ ಒದ್ದೆ ಬೆರಳನ್ನೇ ತುಟಿಯ ಮೇಲೆ ಅಡ್ಡ ಇಟ್ಟು, ಯಾರಿಗೂ ಹೇಳಬೇಡ ಅನ್ನುವ ಹಾಗೆ, ನಕ್ಕಳು.